ಫ್ರೀಮೇಸನ್ನರ ಕೋಸಂಬರಿ

ಈಗ ಅಡುಗೆ ಕಸುಬಿಗೆ ಬರುವ ಹುಡುಗರು ನನ್ನನ್ನು ಹುಡುಕಿಕೊಂಡು ಬಂದು ಕೇಳುವುದು ಒಂದೇ ಮಾತು: "ತಾತ, ನಿಮ್ಮ ಬಿಸಿಬೇಳೆಬಾತಿನ ಪುಡಿಗೆ ಏನೇನ್ ಹಾಕ್ತಿದ್ರಿ?" ಅಯ್ಯೋ ಪುಣ್ಯಾತ್ಮರಾ, ಪುಡಿ ಅಂಗಡಿಯಲ್ಲಿ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ಗ್ಯಾಸ್ ಹಚ್ಚಿದರೆ ನೀವು ಬೇಡವೆಂದರೂ ಬೇಳೆ ಬೇಯುತ್ತದೆ. ಕಲಿಯಬೇಕಾದದ್ದು ಬೇರೆ ಇದೆ. ಎಲೆಯ ಮುಂದೆ ಕೂತ ಜನ ಏನು ನೋಡುತ್ತಾರೆ, ನೋಡಿ ಏನೆಂದುಕೊಳ್ಳುತ್ತಾರೆ, ಮನೆಗೆ ಹೋಗಿ ಏನು ಆಡಿಕೊಳ್ಳುತ್ತಾರೆ ಅನ್ನುವುದು. ಅದು ಸರಿಯಾಗಿ ತಿಳಿಯದೆ ನಾನು ಒಮ್ಮೆ ನನ್ನ ತಂಗಿಯ ಮದುವೆಯನ್ನೇ ಕೆಡಿಸಿಕೊಳ್ಳುವುದರಲ್ಲಿದ್ದೆ. ಅದನ್ನು ಬರೆಯುತ್ತೇನೆ, ಪುಡಿಯ ವಿಷಯ ಆಮೇಲೆ ನೋಡೋಣ.

ನನ್ನ ಹೆಸರು ಅಶ್ವತ್ಥ. ತುಮಕೂರಿನಲ್ಲಿ ಅಡುಗೆ ಅಶ್ವತ್ಥ ಅಂದರೆ ಒಂದು ಕಾಲಕ್ಕೆ ಜಟಕಾದವರು ಕೂಡ ಮನೆ ತೋರಿಸುತ್ತಿದ್ದರು. ಮದುವೆ, ಮುಂಜಿ, ನಾಮಕರಣ, ತಿಥಿ, ಎಲ್ಲಕ್ಕೂ ಹೋಗುತ್ತಿದ್ದೆ. ಗುಬ್ಬಿ, ಕುಣಿಗಲ್ಲು, ಹಾಗಲವಾಡಿ, ಕರೆದ ಕಡೆಗೆಲ್ಲ ಕೊಪ್ಪರಿಗೆ ಸಮೇತ ಬಸ್ಸು ಹತ್ತುತ್ತಿದ್ದೆ. ಕೊಪ್ಪರಿಗೆ ಬಸ್ಸಿನ ಟಾಪಿನ ಮೇಲೆ, ನಾನು ಒಳಗೆ, ಜೀವ ಮಾತ್ರ ಟಾಪಿನ ಮೇಲೆ. ಈಗ ಮೊಣಕಾಲು ಕೈಕೊಟ್ಟಿದೆ. ಕುರ್ಚಿಯಲ್ಲಿ ಕೂತು, ಕೈಯಲ್ಲಿ ತಟ್ಟೆ ಹಿಡಿದು ನಿಂತು ತಿನ್ನುವ ಜನರನ್ನು ನೋಡಿ ಬೈದುಕೊಳ್ಳುವುದೇ ಕೆಲಸ.

ನನ್ನ ಗುರುಗಳು ನಂಜುಂಡಯ್ಯನವರು. ದೊಡ್ಡ ಹೊಟ್ಟೆ, ಸಣ್ಣ ಕಣ್ಣು, ಕಿವಿ ಮಾತ್ರ ದೇವರು ಕೊಟ್ಟ ವರ. ಒಗ್ಗರಣೆಯ ಸದ್ದು ಕೇಳಿಯೇ ಎಣ್ಣೆ ಹೆಚ್ಚಾಯಿತೋ ಕಮ್ಮಿಯಾಯಿತೋ ಹೇಳುತ್ತಿದ್ದರು. ಮಡಿಯಲ್ಲಿರುವಾಗ ಅವರು ಬೈಯುತ್ತಿರಲಿಲ್ಲ, ಬರೀ ಸೌಟು ತೋರಿಸುತ್ತಿದ್ದರು. ಮಡಿ ಬಿಚ್ಚಿ ಅಂಗಿ ತೊಟ್ಟ ಮೇಲೆ ಬೆಳಗಿನಿಂದ ಕೂಡಿಟ್ಟದ್ದನ್ನೆಲ್ಲ ಸೇರಿಸಿ ಒಂದೇ ಸಲಕ್ಕೆ ಬೈಯುತ್ತಿದ್ದರು. ಹಾಗಾಗಿ ಅವರು ಅಂಗಿಗೆ ಕೈ ಹಾಕಿದ ಕೂಡಲೇ ನಾವು ಪಾತ್ರೆ ತೊಳೆಯುವ ನೆಪದಲ್ಲಿ ಬಾವಿಕಟ್ಟೆಗೆ ಓಡುತ್ತಿದ್ದೆವು.

ಒಮ್ಮೆ ಹಾಗಲವಾಡಿಯಲ್ಲಿ ಒಂದು ತಿಥಿ ಅಡುಗೆ. ನಾನು ಆಗ ಹೊಸಬ. ತಿಥಿಗೆ ಮೆಣಸಿನಕಾಯಿ ಹಾಕುವಂತಿಲ್ಲ, ಖಾರಕ್ಕೆ ಕಾಳುಮೆಣಸು ಅಂತ ಗೊತ್ತಿತ್ತು. ಗೊತ್ತಿದ್ದೂ, ಕೈಗೆ ಅಭ್ಯಾಸ ನೋಡಿ, ಒಗ್ಗರಣೆಗೆ ಎರಡು ಬ್ಯಾಡಗಿ ಮೆಣಸಿನಕಾಯಿ ಮುರಿದು ಹಾಕಿಬಿಟ್ಟೆ. ಘಮ ಹಜಾರಕ್ಕೆ ಹೋಯಿತು. ಎಲೆಯ ಮುಂದೆ ಕೂತಿದ್ದ ಪುರೋಹಿತರು ಎದ್ದು ನಿಂತರು. "ಏನಯ್ಯಾ, ತಿಥಿಗೆ ಕರೆದ್ರೋ ಬೀಗರೂಟಕ್ಕೆ ಕರೆದ್ರೋ?" ಅಂದರು. ಆ ಇಡೀ ಹುಳಿ ಹಸುವಿನ ಕಲಗಚ್ಚಿಗೆ ಹೋಯಿತು. ಹಸುವೂ ಮೂಸಿ ಸುಮ್ಮನಾಯಿತು. ನಂಜುಂಡಯ್ಯನವರು ಆವತ್ತು ಮಡಿ ಬಿಚ್ಚಿದ ಮೇಲೂ ಬೈಯಲಿಲ್ಲ. ಹತ್ತಿರ ಕೂರಿಸಿಕೊಂಡು ಹೇಳಿದರು: "ನೀನು ಬರೀ ಬೇಯಿಸ್ತಿದೀನಿ ಅಂದ್ಕೊಂಡಿದೀಯ. ಅಲ್ಲ ಕಣೋ. ಎಲೆ ಮೇಲೆ ಏನಿದೆ ಅಂತ ನೋಡಿ ಜನ ಇದು ಏನ್ ಮನೆ, ಏನ್ ಕಾರ್ಯ ಅಂತ ತಿಳ್ಕೋತಾರೆ. ನೀನು ತಪ್ಪು ಬಡಿಸಿದ್ರೆ ಅವರು ತಪ್ಪು ತಿಳ್ಕೋತಾರೆ. ಇನ್ನೊಂದು ನೆನಪಿಟ್ಕೋ. ಒಂದು ಮನೆ ಅಡುಗೆಮನೇಲಿ ಕಂಡಿದ್ದನ್ನ ಇನ್ನೊಂದು ಮನೆ ಅಡುಗೆಮನೇಲಿ ಬಾಯಿ ಬಿಡಬೇಡ."

ಈ ಎರಡು ಮಾತನ್ನೂ ನಾನು ಗಂಟು ಹಾಕಿಕೊಂಡೆ. ಮುಂದೆ ಆ ಎರಡೂ ಸೇರಿ ನನ್ನ ಕುತ್ತಿಗೆಗೇ ಬಂದವು.

ಆಗ ತುಮಕೂರಿನ ಹೊರಗೆ, ಹುಣಸೆಮರದ ಹಿಂದೆ ಒಂದು ಹಳೆಯ ಹೆಂಚಿನ ಬಂಗಲೆಯಿತ್ತು. ಫ್ರೀಮೇಸನ್ ಅನ್ನುವವರು ತಿಂಗಳಿಗೊಂದು ಭಾನುವಾರ ಅಲ್ಲಿ ಸೇರುತ್ತಿದ್ದರು. ಊರಿನವರು ಅದನ್ನು ಬುರುಡೆ ಬಂಗಲೆ ಅನ್ನುತ್ತಿದ್ದರು. ಒಳಗೆ ತಲೆಬುರುಡೆ ಇಟ್ಟಿದ್ದಾರಂತೆ, ಹೊಸಬನ ಕಣ್ಣು ಕಟ್ಟಿ ಕತ್ತಿ ತೋರಿಸುತ್ತಾರಂತೆ, ಸೇರಿದವನು ಹೆಂಡತಿಗೂ ಬಾಯಿ ಬಿಡುವಂತಿಲ್ಲವಂತೆ. ಹೆಂಡತಿಗೂ ಹೇಳಬಾರದು ಅನ್ನುವುದೇ ಊರಿನ ಹೆಂಗಸರಿಗೆ ಬುರುಡೆಗಿಂತ ಹೆಚ್ಚು ಭಯ ಹುಟ್ಟಿಸಿತ್ತು. ಜಟಕಾದವರು ಕುದುರೆ ಬೆದರುತ್ತದೆ ಅಂತ ಹುಣಸೆಮರದ ಹತ್ತಿರವೇ ಇಳಿಸಿ ಹೋಗುತ್ತಿದ್ದರು. ಕುದುರೆ ಬೆದರಿದ್ದನ್ನು ನಾನಂತೂ ಕಾಣೆ.

ಒಂದು ದಿನ ವಕೀಲ ಶೇಷಗಿರಿರಾಯರು ನಂಜುಂಡಯ್ಯನವರ ಮನೆಗೆ ಬಂದರು. ಆ ಬಂಗಲೆಯ ವ್ಯವಹಾರ ನೋಡಿಕೊಳ್ಳುತ್ತಿದ್ದವರು ಅವರು. "ನಮ್ಮವರಿಗೆ ಭಾನುವಾರ ಮಧ್ಯಾಹ್ನ ಊಟಕ್ಕೆ ಬರಬೇಕು" ಅಂದರು. ನಂಜುಂಡಯ್ಯನವರಿಗೆ ಆ ಕ್ಷಣವೇ ಸೊಂಟ ಹಿಡಿದುಕೊಂಡಿತು. "ಅಯ್ಯಯ್ಯೋ, ಎದ್ದು ನಿಲ್ಲೋಕಾಗ್ತಿಲ್ಲ ರಾಯರೇ! ನಮ್ಮ ಅಶ್ವತ್ಥ ಬರ್ತಾನೆ ಬಿಡಿ" ಅಂದರು. ರಾಯರು ಗೇಟು ದಾಟಿದ ಮೇಲೆ ಸೊಂಟ ಸರಿಹೋಯಿತು.

ರಾಯರು ನನಗೆ ಹೇಳಿದ್ದು ಇಷ್ಟು: "ಊಟ ಸಾದಾ ಇರಲಿ. ಆದ್ರೆ ಊಟಕ್ಕೆ ಮುಂಚೆ ಎಲ್ಲಾ ಒಟ್ಟಿಗೆ ಗ್ಲಾಸ್ ಎತ್ತೋ ಪದ್ಧತಿ ಇದೆ. ಬೇರೆ ಕಡೆ ವೈನು. ಇಲ್ಲಿ ಪಾನನಿರೋಧದ ಗಲಾಟೆ, ನಮ್ಮಲ್ಲಿ ಅರ್ಧ ಜನ ಮುಟ್ಟೋರೂ ಅಲ್ಲ. ಬೆಲ್ಲದ ಪಾನಕ ಮಾಡಿಬಿಡು." ಆಗಲಿ ಅಂದೆ.

ನಮ್ಮದು ಅಪ್ಪ ಅಮ್ಮ ಇಲ್ಲದ ಮನೆ. ನಾನು, ತಂಗಿ ಶಾರದ, ಇಬ್ಬರೇ. ಅವಳು ನನಗಿಂತ ಚಿಕ್ಕವಳಾದರೂ ಮನೆಯ ಯಜಮಾನಿಕೆ ಅವಳದ್ದೇ. ಶನಿವಾರ ಏಲಕ್ಕಿ ಕುಟ್ಟುತ್ತ ಕೂತಾಗ ಕೇಳಿದಳು, "ಏನ್ ಮಾಡ್ತಿದೀಯ ನಾಳೆ?"

"ಅನ್ನ, ತೊವ್ವೆ, ಹುಳಿ, ಪಲ್ಯ, ಪಾಯಸ. ಮೊದಲು ಪಾನಕ."

"ಪಾನಕದ ಜೊತೆಗೆ?"

"ಜೊತೆಗೆ ಏನಿಲ್ಲ. ಬರೀ ಪಾನಕ ಅಂದಿದಾರೆ."

"ಬರೀ ಪಾನಕನಾ?" ಶಾರದ ಕುಟ್ಟಾಣಿ ಕೆಳಗಿಟ್ಟಳು. "ಬಿಸಿಲಲ್ಲಿ ಹೋಗೋರಿಗೆ ಕೊಡ್ತಾರೆ ಕಣೋ ಬರೀ ಪಾನಕ. ಮನೆಗೆ ಕರೆದು ಕೂರಿಸಿದ ಮೇಲೆ ಕೋಸಂಬರಿ ಇಲ್ದೆ ಕೊಡ್ತಾರಾ? ಮರ್ಯಾದೆ ಯಾರದು ಹೋಗೋದು, ಅವರದ್ದಾ, ನಿಂದಾ?"

ನಾನು ಬೇಡವೆನ್ನುವ ಮೊದಲೇ ಹೆಸರುಬೇಳೆ ನೆನೆಹಾಕಿ ಆಗಿತ್ತು. ನನಗೂ ಅವಳ ಮಾತು ಸರಿ ಅನ್ನಿಸಿತು. ನಮ್ಮ ಕಡೆ ಪಾನಕ ಅಂದರೆ ಕೋಸಂಬರಿ ಕೇಳದೆಯೇ ಬರುವಂಥದ್ದು. ಎರಡನ್ನೂ ಬೇರೆ ಬೇರೆ ಮಾಡಿ ಯೋಚಿಸಿದ ಅಡುಗೆಯವನನ್ನು ನಾನು ಕಂಡಿಲ್ಲ.

ಭಾನುವಾರ ಬಂಗಲೆಗೆ ಹೋದರೆ ಬಾಗಿಲಲ್ಲಿ ನಿಜವಾಗಿಯೂ ಕತ್ತಿ ಹಿಡಿದವರೊಬ್ಬರು! ಕಣ್ಣು ಉಜ್ಜಿ ನೋಡಿದರೆ ನಮ್ಮ ಡ್ರಾಯಿಂಗ್ ಮೇಷ್ಟ್ರು. ಕತ್ತಿಯನ್ನು ಕಂಕುಳಲ್ಲಿ ಇಟ್ಟುಕೊಂಡು, "ಏನಪ್ಪಾ ಅಶ್ವತ್ಥ, ಹುಳಿಗೆ ಯಾವ ತರಕಾರಿ?" ಅಂದರು. "ಸೀಮೆಬದನೆ ಸಾರ್" ಅಂದೆ. "ಥೂ, ಕುಂಬಳಕಾಯಿ ಹಾಕ್ಬಾರ್ದಿತ್ತಾ?" ಅಂದು ಮತ್ತೆ ಕತ್ತಿ ಹಿಡಿದು ನೆಟ್ಟಗೆ ನಿಂತರು. ಅಲ್ಲಿಗೆ ನನ್ನ ಅರ್ಧ ಹೆದರಿಕೆ ಹೋಯಿತು.

ಅಡುಗೆಮನೆ ಹಿಂದೆ, ಊಟದ ಕೋಣೆ ಪಕ್ಕಕ್ಕೆ. ಅವರು ಸೇರುವ ಹಾಲಿನ ಬಾಗಿಲು ಮಾತ್ರ ಭದ್ರ. ಒಳಗೆ ಟಕ್ ಟಕ್ ಟಕ್ ಅಂತ ಮರದ ಸುತ್ತಿಗೆಯ ಸದ್ದು, ಯಾರೋ ಪ್ರಾರ್ಥನೆ ಹೇಳುವ ದನಿ. ಅದರಾಚೆ ಏನಿತ್ತೋ ನನಗೆ ಆವತ್ತೂ ಗೊತ್ತಿಲ್ಲ, ಇವತ್ತೂ ಗೊತ್ತಿಲ್ಲ. ಬಾಗಿಲು ತೆಗೆದಾಗ ಎಲ್ಲರೂ ಹಸಿದ ಮುಖದಲ್ಲಿ ಹೊರಬಂದರು ಅನ್ನುವುದಷ್ಟೇ ಗೊತ್ತು. ವಕೀಲರು, ಮಂಡಿಪೇಟೆಯ ಸಾಹೇಬರೊಬ್ಬರು, ಕ್ರಿಶ್ಚಿಯನ್ ಹೆಡ್ಮಾಸ್ಟರು, ಇವರೆಲ್ಲರ ಮುಂದೆ ಆ ವರ್ಷದ ಯಜಮಾನರಾದ ಮುದುಕ ಡಾಕ್ಟರು.

ಮೇಜಿನ ಮೇಲೆ ಬಾಳೆಎಲೆ, ದಪ್ಪ ತಳದ ಪುಟ್ಟ ಗ್ಲಾಸಿನಲ್ಲಿ ಪಾನಕ, ಪಕ್ಕದಲ್ಲಿ ದೊನ್ನೆಯಲ್ಲಿ ಕೋಸಂಬರಿ. ಡಾಕ್ಟರು ಏನೋ ಇಂಗ್ಲಿಷಿನಲ್ಲಿ ಹೇಳಿದರು, ಎಲ್ಲರೂ ಕುಡಿದರು, ಕುಡಿದ ಗ್ಲಾಸನ್ನು ಒಟ್ಟಿಗೆ ಮೇಜಿಗೆ ಢಣ್ ಅಂತ ಕುಕ್ಕಿದರು. ನನ್ನ ಕೈಯ ಸೌಟು ಬಿತ್ತು. ಊರಿನವರು ರಸ್ತೆಯಲ್ಲಿ ಕೇಳಿ ತಲೆ ಕತ್ತರಿಸಿದರು ಅನ್ನುತ್ತಿದ್ದ ಸದ್ದು ಇದೇ. ಆಮೇಲೆ ಎಲ್ಲರ ಕಣ್ಣು ದೊನ್ನೆಯ ಮೇಲೆ. ಶೇಷಗಿರಿರಾಯರು ನನ್ನ ಕಡೆ ತಿರುಗಿ ಹುಬ್ಬಿನಲ್ಲೇ "ಏನಿದು?" ಅಂದರು. ನಾನು ಉತ್ತರ ಹುಡುಕುವುದರೊಳಗೆ ಡಾಕ್ಟರು ದೊನ್ನೆ ಎತ್ತಿಕೊಂಡು ಗಂಭೀರವಾಗಿ ತಿಂದರು. ಅವರು ತಿಂದರು ಅಂತ ಉಳಿದವರೂ ಗಂಭೀರವಾಗಿ ತಿಂದರು. ಇನ್ನೊಮ್ಮೆ ಗ್ಲಾಸು ಎತ್ತಿ ಕುಕ್ಕಿದ ಮೇಲೆ ಎಲ್ಲರೂ ಮತ್ತೆ ಕೋಸಂಬರಿಗೆ ಕಾದರು.

ಊಟ ಮುಗಿಯಿತು. ಎಲೆ ಎತ್ತಿ ಬಳಿಯಲು ಒಪ್ಪಿದ್ದ ಹೆಂಗಸು ಹುಣಸೆಮರದವರೆಗೆ ಬಂದು ಬಂಗಲೆ ನೋಡಿದವಳೇ ವಾಪಸು ಹೋಗಿದ್ದಳು. ನಾನು ಕೈ ಹಿಸುಕಿಕೊಳ್ಳುತ್ತ, "ಎಲೆ ಎತ್ತೋರು ಬಂದಿಲ್ಲ ಸ್ವಾಮಿ" ಅಂದೆ. ಡಾಕ್ಟರು ತಮ್ಮ ಎಲೆ ಮಡಿಸಿ, ಎರಡೂ ಕೈಯಲ್ಲಿ ಎತ್ತಿಕೊಂಡು ಹಿತ್ತಲಿಗೆ ನಡೆದರು. ಅವರ ಹಿಂದೆ ವಕೀಲರು, ಅವರ ಹಿಂದೆ ಸಾಹೇಬರು, ಕತ್ತಿ ಒರಗಿಸಿಟ್ಟು ಡ್ರಾಯಿಂಗ್ ಮೇಷ್ಟ್ರು. ನನ್ನ ಸರ್ವೀಸಿನಲ್ಲಿ ಅಂಥ ಮೆರವಣಿಗೆ ಇನ್ನೊಂದು ನೋಡಲಿಲ್ಲ.

"ಮುಂದಿನ ತಿಂಗಳು ಏನ್ ಮಾಡ್ಲಿ?" ಅಂತ ಕೇಳಿದೆ. "ಈ ಸಲದ ಹಾಗೇ" ಅಂದರು ರಾಯರು. ಅದಾದ ಮೇಲೆ ಪ್ರತಿ ತಿಂಗಳೂ ಪಾನಕ, ಕೋಸಂಬರಿ, ಅವರವರ ಎಲೆ ಅವರವರೇ. ಯಜಮಾನರು ವರ್ಷಕ್ಕೊಬ್ಬರು ಬದಲಾದರು, ಇದು ಬದಲಾಗಲಿಲ್ಲ.

ಊರಿನವರು ಬಿಡುತ್ತಾರೆಯೇ? ಅಂಗಡಿಯಲ್ಲಿ, ಕಟಿಂಗ್ ಶಾಪಿನಲ್ಲಿ, ಎಲ್ಲಿ ಹೋದರೂ "ಒಳಗೆ ಏನ್ ಮಾಡ್ತಾರೋ ಅಶ್ವತ್ಥ?" ಅನ್ನುವುದೇ. ಗುರುಗಳ ಮಾತಿದೆಯಲ್ಲ, ಬಾಯಿ ಬಿಡಬಾರದು. "ಊಟ ಮಾಡ್ತಾರೆ" ಅನ್ನುತ್ತಿದ್ದೆ. "ಅಷ್ಟೇನಾ?" "ಅಷ್ಟೇ. ಹುಳಿ ಎರಡನೇ ಸಲ ಹಾಕಿಸ್ಕೋತಾರೆ." ನಾನು ಹೇಳದಿದ್ದಷ್ಟೂ ಅವರಿಗೆ ಅನುಮಾನ ಹೆಚ್ಚಾಯಿತು. ಕೊನೆಗೆ ಹಬ್ಬಿದ ಸುದ್ದಿ: ಅಶ್ವತ್ಥ ಬಾಯಿ ಬಿಡುತ್ತಿಲ್ಲ ಅಂದರೆ ಅವನೂ ಆ ಮತಕ್ಕೆ ಸೇರಿದ್ದಾನೆ, ಪ್ರಮಾಣ ಮಾಡಿದ್ದಾನೆ. ನಾನು ನಕ್ಕು ಸುಮ್ಮನಾದೆ. ನಗಬಾರದಿತ್ತು.

ಅದೇ ಹೊತ್ತಿಗೆ ಶಾರದಳಿಗೆ ಗುಬ್ಬಿಯಿಂದ ಒಂದು ಸಂಬಂಧ ಬಂತು. ಹುಡುಗ ಸತ್ಯನಾರಾಯಣ, ಮಿಡ್ಲ್ ಸ್ಕೂಲು ಮೇಷ್ಟ್ರು, ಸಾಧು. ಬಂದು ಹುಡುಗಿ ನೋಡಿದರು, ಒಪ್ಪಿದರು. "ನಿನಗೆ ಹೇಗಮ್ಮ?" ಅಂತ ಶಾರದಳನ್ನು ಕೇಳಿದರೆ, "ನಿನಗೆ ಹೇಗನ್ಸುತ್ತೋ ಹಾಗೆ" ಅಂದು ಒಳಗೆ ಹೋದಳು. ಒಳಗಿನಿಂದ ಹಾಡು ಗುನುಗುವುದು ಕೇಳಿಸಿತು. ಅಮ್ಮ ಹೋದ ಮೇಲೆ ಅವಳು ಹಾಡಿದ್ದು ನಾನು ಕೇಳಿರಲಿಲ್ಲ. ಈ ಮದುವೆ ಆಗಲೇಬೇಕು ಅಂತ ಆಗಲೇ ತೀರ್ಮಾನ ಮಾಡಿದೆ.

ನಿಶ್ಚಿತಾರ್ಥಕ್ಕೆ ದಿನ ಗೊತ್ತುಮಾಡಬೇಕು, ಅಷ್ಟರಲ್ಲಿ ಗುಬ್ಬಿಯಿಂದ ಹೇಳಿಕಳಿಸಿದರು: ಒಂದು ವಿಷಯ ಇತ್ಯರ್ಥ ಆಗಬೇಕು, ಬಂದು ಹೋಗಿ. ನಂಜುಂಡಯ್ಯನವರನ್ನು ಹಿರಿಯರಾಗಿ ಕರೆದುಕೊಂಡು ಹೋದೆ. ಹಜಾರದಲ್ಲಿ ಹುಡುಗನ ತಂದೆ ತಲೆ ತಗ್ಗಿಸಿ ಕೂತಿದ್ದರು. ಮೂಲೆಯಲ್ಲಿ ಸತ್ಯನಾರಾಯಣ. ಅವರ ಮನೆಯ ಪುರೋಹಿತರಾದ ಜೋಯಿಸರು ಕಂಬಕ್ಕೆ ಒರಗಿದ್ದರು. ನಡುವೆ ಚಕ್ಕಳಮಕ್ಕಳ ಹಾಕಿ ಕೂತಿದ್ದವರು ಹುಡುಗನ ಚಿಕ್ಕಪ್ಪ, ಕುಣಿಗಲ್ಲಿನ ವೆಂಕೋಬರಾಯರು. ಅಲ್ಲಿ ಕುದುರೆ ಸಾಕುವ ಕಡೆ ಗುಮಾಸ್ತರಾಗಿದ್ದವರು. ಇಂಗ್ಲಿಷ್ ದೊರೆಗಳನ್ನು ಹತ್ತಿರದಿಂದ ಕಂಡಿದ್ದೇನೆ ಅಂತ ಜಂಬ.

"ನೇರವಾಗಿ ಕೇಳ್ತೀನಿ ಕಣಯ್ಯ" ಅಂದರು ವೆಂಕೋಬರಾಯರು. "ಆ ಬುರುಡೆ ಬಂಗಲೆ ಮತಕ್ಕೆ ನೀನು ಸೇರಿದೀಯೋ, ಇಲ್ವೋ?"

"ಯಾವ ಮತ ಸ್ವಾಮಿ? ಅಡುಗೆಗೆ ಹೋಗ್ತೀನಿ, ಅಷ್ಟೆ."

"ಅದು ಮತ ಅಂತ ಯಾರ್ರೀ ಹೇಳಿದ್ದು?" ಅಂದರು ಜೋಯಿಸರು. "ಕ್ಲಬ್ಬು ಅಂತ ಕೇಳಿದೀನಿ."

"ಕ್ಲಬ್ಬಾ! ಕ್ಲಬ್ಬಲ್ಲಿ ಬಾಗಿಲು ಹಾಕ್ಕೊಂಡು ಪ್ರಾರ್ಥನೆ ಮಾಡ್ತಾರಾ? ದೇವರಿಲ್ಲ ಅನ್ನೋನ್ನ ಸೇರಿಸೋದೇ ಇಲ್ವಂತೆ. ದೇವರು ಬೇಕು, ಪ್ರಾರ್ಥನೆ ಬೇಕು, ಪ್ರಮಾಣ ಬೇಕು. ಮತ ಅಲ್ದೆ ಇನ್ನೇನ್ರಿ ಅದು?"

"ಯಾವ ದೇವರು?"

"ಯಾವುದಾದ್ರೂ ನಡೆಯುತ್ತಂತೆ."

"ಯಾವುದಾದ್ರೂ ನಡೆಯುತ್ತೆ ಅಂದ್ರೆ ಮತ ಹೇಗ್ರೀ ಆಗುತ್ತೆ? ಮತ ಅಂದ್ಮೇಲೆ ನಮ್ಮದೇ ಸರಿ ಅನ್ನಬೇಕು!" ಜೋಯಿಸರು ತೊಡೆ ತಟ್ಟಿದರು. ನಂಜುಂಡಯ್ಯನವರು "ಅಹಹಾ" ಅಂದರು.

"ಹೋಗಲಿ, ಅದನ್ನ ನಡೆಸೋರು ಯಾರು?" ಅಂತ ಹುಡುಗನ ತಂದೆ ಮೆಲ್ಲಗೆ ಕೇಳಿದರು.

"ಈ ವರ್ಷ ಒಬ್ಬ ಡಾಕ್ಟರು, ಬರೋ ವರ್ಷ ಇನ್ನೊಬ್ಬರು" ಅಂದೆ.

"ನೋಡಿದ್ರಾ!" ವೆಂಕೋಬರಾಯರು ಮುಂದಕ್ಕೆ ಬಾಗಿದರು. "ವರ್ಷಕ್ಕೊಬ್ಬ ಬದಲಾಗೋನು ಆಳ್ತಾನೇನಯ್ಯಾ? ತೋರಿಸೋಕೆ ಒಬ್ಬ, ಆಳೋಕೆ ಒಬ್ಬ. ಲಂಡನ್ನಲ್ಲಿ ಒಂದು ಕುರ್ಚಿ ಇದೆಯಂತೆ. ಅದರಲ್ಲಿ ಯಾರು ಕೂತಿದಾರೆ ಅಂತ ಅವರಿಗೇ ಗೊತ್ತಿಲ್ಲ. ಬಿಳಿಯರು ಹೋದ್ರು ಅಂತ ನೀವು ಅಂದ್ಕೊಂಡಿದೀರಿ, ದಾರದ ತುದಿ ಇನ್ನೂ ಅಲ್ಲೇ ಇದೆ."

"ನಾನು ಕೇಳಿದ್ದು ಬೇರೆ" ಅಂದರು ಜೋಯಿಸರು. "ಹಿಮಾಲಯದಲ್ಲಿ ಒಬ್ಬ ಯೋಗಿ ಇದಾನಂತೆ, ವಯಸ್ಸು ಯಾರಿಗೂ ಗೊತ್ತಿಲ್ಲ."

"ಲಂಡನ್ನೋರಿಗೂ ಹಿಮಾಲಯದೋರಿಗೂ ನಮ್ಮ ತುಮಕೂರಿನ ಹುಳಿ ವಿಷಯ ಯಾಕ್ರೀ ಬೇಕು?" ಅಂದರು ನಂಜುಂಡಯ್ಯನವರು.

ವೆಂಕೋಬರಾಯರಿಗೆ ಕೋಪ ಬಂತು. ಈಗಲೇ ಪರೀಕ್ಷೆ ಮಾಡುತ್ತೇನೆ, ಗುಟ್ಟಾಗಿ ಕೈಕುಲುಕುವ ರೀತಿ ಒಂದು ಅವರಲ್ಲಿದೆ, ದೊರೆಯೊಬ್ಬ ತೋರಿಸಿದ್ದ ಅಂತ ಎದ್ದು ಬಂದು ನನ್ನ ಬಲಗೈ ಹಿಡಿದು ಹೆಬ್ಬೆರಳಿನಿಂದ ಅದುಮಿದರು. ಹಿಂದಿನ ದಿನವಷ್ಟೇ ಬೋಂಡಾ ಎಣ್ಣೆ ಸಿಡಿದು ಆ ಜಾಗ ಬೊಬ್ಬೆ ಬಂದಿತ್ತು. "ಅಮ್ಮಾ!" ಅಂತ ಕೂಗಿಬಿಟ್ಟೆ. "ಉತ್ತರ ಕೊಟ್ಟ! ಉತ್ತರ ಕೊಟ್ಟ!" ಅಂತ ಅವರು ಕುಣಿದರು. ನಾನು ಬೊಬ್ಬೆ ತೋರಿಸಿದ ಮೇಲೆ ಕೂತರು, ಆದರೆ ನಂಬಿದ ಹಾಗೆ ಕಾಣಲಿಲ್ಲ.

ಆಗ ಜೋಯಿಸರು ಗಂಟಲು ಸರಿಮಾಡಿಕೊಂಡರು. "ಮತನೋ ಅಲ್ವೋ ಅನ್ನೋದು ಊಟದಲ್ಲಿ ಗೊತ್ತಾಗುತ್ತೆ. ಅಡುಗೆಯವನೇ ಎದುರಿಗಿದಾನೆ, ಕೇಳೋಣ. ಏನಯ್ಯಾ, ಮಾಡಿದ ಅಡುಗೆ ಯಾವುದಕ್ಕಾದ್ರೂ ನೈವೇದ್ಯ ಆಗುತ್ತಾ?"

"ಇಲ್ಲ ಜೋಯಿಸರೇ."

"ಪ್ರಸಾದ ಅಂತ ಹಂಚ್ತಾರಾ?"

"ಇಲ್ಲ."

"ಸರಿ. ಊಟಕ್ಕೆ ಮುಂಚೆ ಬಾಯಿಗೆ ಏನು?"

ಒಂದು ಮನೆಯ ವಿಷಯ ಇನ್ನೊಂದು ಮನೆಯಲ್ಲಿ ಆಡಬಾರದು. ಆಡದಿದ್ದರೆ ಶಾರದಳ ಮದುವೆ ನಿಲ್ಲುತ್ತದೆ. ಗುರುಗಳ ಮುಖ ನೋಡಿದೆ. ಅವರು ಕಣ್ಣು ಮುಚ್ಚಿ ತಲೆಯಾಡಿಸಿದರು, ಹೇಳು ಅಂತ.

"ಪಾನಕ, ಕೋಸಂಬರಿ" ಅಂದೆ.

ಜೋಯಿಸರ ಬಾಯಿ ತೆರೆದದ್ದು ಹಾಗೇ ನಿಂತಿತು. "ಪಾನಕ, ಕೋಸಂಬರಿನಾ? ಹಾಗಾದ್ರೆ ಅದು ರಾಮೋತ್ಸವ ಕಣ್ರೀ! ತಿಂಗಳು ತಿಂಗಳು ರಾಮೋತ್ಸವ ಮಾಡ್ತಿದಾರೆ!"

"ರಾಮೋತ್ಸವನಾ!" ವೆಂಕೋಬರಾಯರು ಹಾರಿಬಿದ್ದರು. "ನಮ್ಮ ಪಾನಕ ಕದ್ದಿದಾರೆ. ಇವತ್ತು ಪಾನಕ, ನಾಳೆ ಪಂಚಾಮೃತ. ಹೇಳಯ್ಯ, ಕೋಸಂಬರಿ ಇಡು ಅಂತ ಅಪ್ಪಣೆ ಕೊಟ್ಟೋರು ಯಾರು? ಆ ವಕೀಲನಾ?"

"ಅಲ್ಲ."

"ಡಾಕ್ಟರಾ?"

"ಅಲ್ಲ."

"ಮತ್ಯಾರು?"

ಏನು ಹೇಳಲಿ? ಶಾರದ ಅನ್ನಬೇಕು. ಅಂದರೆ ಮುಗಿಯಿತು, ಹುಡುಗಿಯೂ ಅದರಲ್ಲಿ ಸೇರಿದ್ದಾಳೆ ಅನ್ನುತ್ತಾರೆ. ನಾನೇ ಅಂದರೆ, ನೀನೇ ಅವರ ಪುರೋಹಿತ ಅನ್ನುತ್ತಾರೆ. ಯೋಚಿಸಿ ಯೋಚಿಸಿ ಬಾಯಿಂದ ಬಂದದ್ದು, "ಅದು ಹೇಳೋಕಾಗಲ್ಲ ಸ್ವಾಮಿ."

ಅಷ್ಟೇ ಸಾಕಾಯಿತು. ವೆಂಕೋಬರಾಯರು ಎರಡೂ ಕೈ ಎತ್ತಿದರು. "ಕೇಳಿದ್ರಾ! ಹೇಳೋಕಾಗಲ್ವಂತೆ! ಮೇಲೆ ಯಾರೋ ಇದಾನೆ, ಹೆಸರು ಹೇಳೋ ಹಾಗಿಲ್ಲ. ಇನ್ನೇನ್ ಬೇಕು ನಿಮಗೆ? ಈ ಸಂಬಂಧ ಬೇಡ." ಹುಡುಗನ ತಂದೆ ನೆಲ ನೋಡಿದರು. ಸತ್ಯನಾರಾಯಣ ನನ್ನನ್ನೇ ನೋಡಿದ. ಮನೆಗೆ ಹೋಗಿ ಶಾರದಳಿಗೆ ಏನು ಹೇಳಲಿ? ಹಾಡಬೇಡ ಅನ್ನಲೇ?

ಆಗ ಅಡುಗೆಮನೆಯ ಬಾಗಿಲ ಹಿಂದಿನಿಂದ ಒಂದು ಮುದಿ ದನಿ ಬಂತು. ಹುಡುಗನ ಅಜ್ಜಿ, ವೆಂಕೋಬರಾಯರ ತಾಯಿ. ಅಷ್ಟು ಹೊತ್ತೂ ಅಲ್ಲೇ ನಿಂತಿದ್ದರು ಅಂತ ಯಾರಿಗೂ ಗೊತ್ತಿರಲಿಲ್ಲ.

"ಏನಪ್ಪಾ ಹುಡುಗ, ಅಲ್ಲಿ ಊಟ ಆದ್ಮೇಲೆ ಎಲೆ ಯಾರು ಎತ್ತೋದು?"

"ಅವರವರೇ ಎತ್ಕೋತಾರೆ ಅಜ್ಜಿ."

"ಯಾರು, ಗಂಡಸರಾ?"

"ಹೌದಜ್ಜಿ. ವಕೀಲರು, ಡಾಕ್ಟರು, ಎಲ್ಲಾರೂ. ಮಡಿಸಿ, ಎತ್ಕೊಂಡು, ಹಿತ್ತಲಿಗೆ ಹಾಕಿ ಕೈ ತೊಳ್ಕೋತಾರೆ."

ಅಜ್ಜಿಯ ದನಿ ಈಗ ಮಗನ ಕಡೆ ತಿರುಗಿತು: "ವೆಂಕೋಬ, ನೀನು ಹುಟ್ಟಿದಾಗಿಂದ ಒಂದು ಎಲೆ ಎತ್ತಿದೀಯೇನೋ?"

"ಅಮ್ಮಾ, ಇಲ್ಲಿ ದೊಡ್ಡ ವಿಷಯ ಮಾತಾಡ್ತಾ..."

"ನಾನೂ ದೊಡ್ಡ ವಿಷಯನೇ ಮಾತಾಡ್ತಿರೋದು. ಅದು ಮತ ಅಲ್ದೇ ಇದ್ರೆ ಈ ಹುಡುಗ ಏನೂ ತಪ್ಪು ಮಾಡಿಲ್ಲ. ಮತವೇ ಆಗಿದ್ರೆ ನಮ್ಮನೆ ಗಂಡಸರನ್ನೆಲ್ಲ ಇವತ್ತೇ ಸೇರಿಸ್ಬಿಡಿ, ನನ್ನ ಸೊಂಟನಾದ್ರೂ ಉಳೀಲಿ. ಹುಡುಗಿ ಲಕ್ಷಣವಾಗಿದಾಳೆ, ಸತ್ಯ ಒಪ್ಪಿದಾನೆ. ಜೋಯಿಸರೇ, ಪಂಚಾಂಗ ತೆಗೀರಿ."

ಜೋಯಿಸರು ಪಂಚಾಂಗ ತೆಗೆದರು. ಲಂಡನ್ನೂ ಹಿಮಾಲಯವೂ ಅಲ್ಲಿಗೆ ಮುಗಿದವು. ನನಗೆ ಅಳು ಬಂತು. ಒಲೆಯ ಮುಂದಾದರೆ ಹೊಗೆ ಅನ್ನಬಹುದಿತ್ತು, ಅಲ್ಲಿ ಹೊಗೆಯೂ ಇರಲಿಲ್ಲ.

ಮದುವೆ ತುಮಕೂರಿನಲ್ಲೇ ಆಯಿತು. ನಂಜುಂಡಯ್ಯನವರು ನನ್ನನ್ನು ಅಡುಗೆಮನೆಗೆ ಬಿಡಲಿಲ್ಲ. "ಇವತ್ತು ನೀನು ಹುಡುಗಿ ಅಣ್ಣ, ಹೊರಗೆ ನಿಂತ್ಕೋ" ಅಂದರು. ಡಾಕ್ಟರು, ಶೇಷಗಿರಿರಾಯರು, ಡ್ರಾಯಿಂಗ್ ಮೇಷ್ಟ್ರು ಊಟಕ್ಕೆ ಬಂದರು. ಊಟವಾದ ಮೇಲೆ ಮೂವರೂ ಅಭ್ಯಾಸಬಲದಿಂದ ಎಲೆ ಎತ್ತಿಕೊಂಡು ನಡೆದೇಬಿಟ್ಟರು! ಮದುವೆಮನೆಯಲ್ಲಿ ಬಂದವರು ಎಲೆ ಎತ್ತಿದರೆ ಕರೆದವರ ಮಾನ ಏನಾಗಬೇಕು? "ಅಯ್ಯೋ ಬಿಡಿ, ಬಿಡಿ" ಅಂತ ಓಡಿದೆ. ಅದೇ ಪಂಕ್ತಿಯಲ್ಲಿ ವೆಂಕೋಬರಾಯರು ಕೂತಿದ್ದರು. ಅವರು ತಲೆಯೆತ್ತಿ ನೋಡಿದರೆ ಎದುರಿನ ಬಾಗಿಲಲ್ಲಿ ಅವರ ತಾಯಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಾರೆ. ಅತ್ತ ನೋಡಿದರು, ಇತ್ತ ನೋಡಿದರು, ಮೆಲ್ಲಗೆ ತಮ್ಮ ಎಲೆ ಮಡಿಸಿದರು. ಮಡಿಸಲು ಬರಲಿಲ್ಲ. ಸಾರು ಪಂಚೆಯ ಮೇಲೆಲ್ಲ ಇಳಿಯಿತು.

ಆಮೇಲೆ ಕಾಲ ಸರಿಯಿತು. ಸೌದೆ ಒಲೆಯ ಜಾಗಕ್ಕೆ ಸೀಮೆಎಣ್ಣೆಯ ಪಂಪ್ ಸ್ಟೌವು ಬಂತು, ಅದರ ಭರ್ರೋ ಸದ್ದಿನಲ್ಲಿ ಒಗ್ಗರಣೆಯ ಸದ್ದೇ ಕೇಳದ ಹಾಗಾಯಿತು. ನಂಜುಂಡಯ್ಯನವರು "ಕಿವಿ ಕಿತ್ಕೊಂಡು ಅಡುಗೆ ಮಾಡು ಅಂದ ಹಾಗಾಯ್ತು" ಅಂತ ಬೈದು ಮನೆಯಲ್ಲೇ ಉಳಿದರು. ನಾನು ಮೂಗಿನ ಮೇಲೆ ಭಾರ ಹಾಕಿ ಕೆಲಸ ಮುಂದುವರಿಸಿದೆ. ಬಂಗಲೆಯ ಊಟ ಮಾತ್ರ ತಪ್ಪಲಿಲ್ಲ. ಒಮ್ಮೆ ಬೆಂಗಳೂರಿನಿಂದ ಅವರ ಹಿರಿಯರೊಬ್ಬರು ಬಂದಿದ್ದರು. ಗ್ಲಾಸು ಕುಕ್ಕಿದ ಮೇಲೆ ಎಲ್ಲರೂ ದೊನ್ನೆ ಎತ್ತಿದ್ದು ನೋಡಿ ಕಕ್ಕಾಬಿಕ್ಕಿಯಾದರು. ಪಕ್ಕದವರು ಅವರ ಕಿವಿಯಲ್ಲಿ ಏನೋ ಹೇಳಿದರು. ಅವರೂ ಕೈಮುಗಿದು ತಿಂದರು.

ಸತ್ಯನಾರಾಯಣನಿಗೆ ತುಮಕೂರಿಗೇ ವರ್ಗವಾಯಿತು. ಶಾರದಳ ಮನೆ ನಮ್ಮ ಪಕ್ಕದ ಬೀದಿಗೇ ಬಂತು. ಒಂದು ಭಾನುವಾರ ಬಂಗಲೆಯಲ್ಲಿ ಗ್ಲಾಸು ತುಂಬುತ್ತ ಹೋದೆ, ಕೊನೆಯ ಕುರ್ಚಿಯಲ್ಲಿ ನೋಡಿದರೆ ನಮ್ಮ ಸತ್ಯನಾರಾಯಣ! ಹೊಸದಾಗಿ ಸೇರಿದ್ದ. ನನ್ನನ್ನು ನೋಡಿ ಕೆಮ್ಮಿದ. ನಾನೂ ಗುರುತಿಲ್ಲದವನ ಹಾಗೆ ಮುಂದೆ ಹೋದೆ, ಕೋಸಂಬರಿ ಮಾತ್ರ ಒಂದು ಹಿಡಿ ಹೆಚ್ಚು ಹಾಕಿದೆ.

ಮುಂದಿನ ತಿಂಗಳ ಊಟದ ಹಿಂದಿನ ದಿನ, ಶನಿವಾರ ಅವರ ಮನೆಗೆ ಕಾಫಿಗೆ ಹೋದೆ. ಬಂಗಲೆಗೆ ಬೇಳೆ ಈಗಲೂ ಶಾರದಳೇ ಆರಿಸಿ ಕೊಡುತ್ತಿದ್ದಳು. ಆ ಬಂಗಲೆಯ ಹೊಸ್ತಿಲನ್ನು ಅವಳು ಯಾವತ್ತೂ ಕಂಡವಳಲ್ಲ. ಜಗಲಿಯಲ್ಲಿ ಕೂತಾಗ ನನಗೆ ತಡೆಯಲಾಗಲಿಲ್ಲ.

"ಮೇಷ್ಟ್ರೇ, ಈಗ ನೀವು ಒಳಗಿನೋರು. ಹೇಳಿ, ಅದು ಮತನಾ?"

"ಅಲ್ಲ ಭಾವ. ಒಳ್ಳೇ ಜನ ಸೇರ್ತೀವಿ, ಅಷ್ಟೆ."

"ಹಿಂದೆ ನಿಂತು ನಡೆಸೋರು ಯಾರಾದ್ರೂ ಇದಾರಾ? ನಿಮ್ಮ ಚಿಕ್ಕಪ್ಪ ಹೇಳ್ತಿದ್ರಲ್ಲ."

"ಅಯ್ಯೋ ಚಿಕ್ಕಪ್ಪನ ಮಾತು ಬಿಡಿ!" ಅಂದು ನಕ್ಕ.

"ಮತ್ತೆ ಆ ಕೋಸಂಬರಿ?"

ಅವನ ನಗು ನಿಂತಿತು. ಅತ್ತಿತ್ತ ನೋಡಿದ. ದನಿ ಇಳಿಸಿ ಹೇಳಿದ: "ಅದು ಬಹಳ ಹಳೇ ಕ್ರಮ ಭಾವ. ಮೇಲಿಂದ ಬಂದಿದ್ದಂತೆ. ಅದಕ್ಕೊಂದು ಅರ್ಥ ಇದೆ, ಹೊರಗಿನೋರಿಗೆ ಹೇಳೋಕಾಗಲ್ಲ. ಅವತ್ತು ಗುಬ್ಬೀಲಿ ಅಷ್ಟು ಜನರ ಮುಂದೆ ನೀವೂ ಹೇಳ್ಲಿಲ್ವಲ್ಲ, ಮದುವೆ ಮುರಿದ್ರೂ ಸರಿ ಅಂತ. ಯಾಕೆ ಅಂತ ನನಗೆ ಈಗ ಗೊತ್ತಾಯ್ತು. ದೊಡ್ಡೋರು ಭಾವ ನೀವು."

ಹಾಗಾದರೆ ಶಾರದ ಇಷ್ಟು ವರ್ಷ ಗಂಡನಿಗೂ ಹೇಳಿಲ್ಲ! ನಾನು ಒಳಗೆ ಇಣುಕಿದೆ. ಅಡುಗೆಮನೆಯ ಬಾಗಿಲಲ್ಲಿ ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಮುಖದಲ್ಲಿ ಒಂದಿಷ್ಟೂ ನಗುವಿಲ್ಲ.

"ಅಣ್ಣಾ" ಅಂದಳು, "ನಾಳೆ ಭಾನುವಾರ. ಹೆಸರುಬೇಳೆ ನೆನೆಹಾಕ್ಲಾ?"

"ನಿನ್ನ ಅಪ್ಪಣೆಯಮ್ಮ" ಅಂದೆ.